ರೋಗಿ ಕುರ್ಚಿಯಲ್ಲಿ ಕೂತಿರುವಾಗ ಡೌಟ್ ಬಂದರೆ ಮೊದಲು ಎಲ್ಲಿ ನೋಡುತ್ತೀರಿ?

ಹೊಸ ಕ್ಲಿನಿಕ್:
ಎಲ್ಲರಿಗೂ ನಮಸ್ಕಾರ. ಸ್ವಂತ ದಂತ ಕ್ಲಿನಿಕ್ ಶುರು ಮಾಡಿ 2 ವರ್ಷ ಆಯಿತು. ಒಬ್ಬಳೇ ನೋಡಿಕೊಳ್ಳುತ್ತೇನೆ. ಕಾಲೇಜಿನಲ್ಲಿದ್ದಾಗ ಡೌಟ್ ಬಂದರೆ ಪಕ್ಕದ ಕುರ್ಚಿಯವರನ್ನು ಕೇಳಿದರೆ ಸಾಕಾಗುತ್ತಿತ್ತು. ಈಗ ಕೇಳೋಣ ಅಂದರೆ ಯಾರೂ ಇಲ್ಲ.

ಸೋಮವಾರ 62 ವರ್ಷದ ಒಬ್ಬರು ಬಂದಿದ್ದರು. ಕೆಳಗಿನ ಎಡಗಡೆಯ ಮೊದಲ ದವಡೆ ಹಲ್ಲು. ಹಿಂದೆ ರೂಟ್ ಕೆನಾಲ್ ಆಗಿದೆ, ಈಗ ಬೇರು ಉದ್ದಕ್ಕೆ ಸೀಳಿದೆ. ಸುತ್ತಲೂ ಪ್ರೋಬ್ (ವಸಡಿನ ಆಳ ಅಳೆಯುವ ಕಡ್ಡಿ) 3 ಮಿಲಿಮೀಟರ್ ಹೋಗುತ್ತದೆ, ಒಂದೇ ಒಂದು ಜಾಗದಲ್ಲಿ 9 ಇಳಿಯುತ್ತದೆ. ಉಳಿಸುವ ಮಾತೇ ಇಲ್ಲ, ಕೀಳಬೇಕು. ಸಿರಿಂಜ್ ಕೈಗೆ ತೆಗೆದುಕೊಂಡ ಮೇಲೆ ಅವರು "ಮೂಳೆಗೆ ಅಂತ ವಾರಕ್ಕೊಂದು ಮಾತ್ರೆ ತಗೋತೀನಿ, 4 ವರ್ಷ ಆಗ್ತಾ ಬಂತು, ಹೇಳೋದು ಮರೆತಿದ್ದೆ" ಅಂದರು. ಅಲೆಂಡ್ರೊನೇಟ್ 70 ಮಿಲಿಗ್ರಾಂ. ಇದನ್ನು ತಗೊಳ್ಳುವವರಿಗೆ ಹಲ್ಲು ಕಿತ್ತರೆ ಅಪರೂಪಕ್ಕೆ ದವಡೆ ಮೂಳೆ ಸಾಯಬಹುದು. ಸಿರಿಂಜ್ ಕೆಳಗಿಟ್ಟೆ.

ಸೀನಿಯರ್ ಒಬ್ಬರಿಗೆ ಫೋನ್ ಮಾಡಿದೆ. "3 ತಿಂಗಳು ಮಾತ್ರೆ ನಿಲ್ಲಿಸಿ ಆಮೇಲೆ ಕೀಳು" ಅಂದರು. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಒಬ್ಬರು ಮೂಳೆ ಸವೆಯುವ ವೇಗ ತೋರಿಸುವ ಸಿಟಿಎಕ್ಸ್ ರಕ್ತ ಪರೀಕ್ಷೆ ಮಾಡಿಸು ಅಂದರು. ಒಬ್ಬರು ಒಂದು ವಾರ ಆಂಟಿಬಯೋಟಿಕ್ ಕೊಟ್ಟು ಕೀಳು ಅಂದರು. ಒಬ್ಬರು ಏನೂ ಬೇಡ, ಸುಮ್ನೆ ಕೀಳು ಅಂದರು. ಇನ್ನೊಬ್ಬರು ಮುಟ್ಟಲೇಬೇಡ ಅಂದರು. ಗೂಗಲ್ ಮಾಡಿದರೆ ತಾರೀಕೇ ಇಲ್ಲದ ಯಾವುದೋ ಕ್ಲಿನಿಕ್ಕಿನ ಪುಟ ಬಂತು. ನೋವಿನ ಮಾತ್ರೆ ಕೊಟ್ಟು ಗುರುವಾರ ಬನ್ನಿ ಅಂತ ಕಳಿಸಿದೆ.

ಈ ಕೇಸಿಗೆ ಉತ್ತರ ಬೇಕು, ನಿಜ. ಅದಕ್ಕಿಂತ ಜಾಸ್ತಿ ಇನ್ನೊಂದು ತಿಳಿಯಬೇಕು. ಇಂಥ ಪ್ರಶ್ನೆ ಬಂದಾಗ ನೀವೆಲ್ಲ ಮೊದಲು ಎಲ್ಲಿ ನೋಡುತ್ತೀರಿ? ಯಾವುದನ್ನು ನಂಬುತ್ತೀರಿ, ಯಾಕೆ?

ಹಳೇ ಕುರ್ಚಿ:
28 ವರ್ಷದಿಂದ ನನ್ನದು ಒಂದೇ ದಾರಿ. ಆ ಕೆಲಸ ಜಾಸ್ತಿ ಮಾಡಿರುವವರಿಗೆ ಫೋನ್. ಪುಸ್ತಕ ತಿರುಗಿ ಪ್ರಶ್ನೆ ಕೇಳುವುದಿಲ್ಲ. ಮನುಷ್ಯ ಕೇಳುತ್ತಾನೆ. "ಸ್ಟೀರಾಯ್ಡ್ ತಗೋತಾರಾ? ಶುಗರ್ ಇದೆಯಾ? ಮೊದಲು ಯಾವುದಾದರೂ ಹಲ್ಲು ಕಿತ್ತಿದ್ದೀರಾ, ಗಾಯ ಹೇಗೆ ಮಾಯಿತು?" ಈ ಮೂರು ಪ್ರಶ್ನೆಯಲ್ಲೇ ಅರ್ಧ ಉತ್ತರ ಇರುತ್ತದೆ.

ದವಡೆ ಸರ್ಜನ್:
ಮೊದಲು ಕೇಸಿನ ವಿಷಯ ಮುಗಿಸೋಣ.

ನಿಮ್ಮ ಸೀನಿಯರ್ ತಪ್ಪು ಹೇಳಲಿಲ್ಲ. ಅವರು ಹೇಳಿದ್ದು 2009ರ ಉತ್ತರ. ಈ ಔಷಧಿಗಳಿಂದ ದವಡೆ ಮೂಳೆ ಸಾಯುತ್ತದೆ ಅನ್ನುವ ವರದಿಗಳು ಶುರುವಾಗಿದ್ದು 2003ರಲ್ಲಿ. ಎಲ್ಲರಿಗೂ ಗಾಬರಿ. ಅಮೆರಿಕದ ಬಾಯಿ-ದವಡೆ ಸರ್ಜನ್‌ಗಳ ಸಂಘ 2007ರಲ್ಲೂ 2009ರಲ್ಲೂ ಹೇಳಿದ್ದು ಇದನ್ನೇ. 3 ವರ್ಷಕ್ಕಿಂತ ಜಾಸ್ತಿ ಮಾತ್ರೆ ತೆಗೆದುಕೊಂಡವರಿಗೆ, ಅವರ ವೈದ್ಯರು ಒಪ್ಪಿದರೆ, 3 ತಿಂಗಳು ನಿಲ್ಲಿಸಿ. 2014ರಲ್ಲಿ ಅದು 4 ವರ್ಷ, 2 ತಿಂಗಳು ಆಯಿತು. 2022ರಲ್ಲಿ ಅದೇ ಸಂಘ ನಿಲ್ಲಿಸುವ ವಿಷಯದಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ ಅಂತ ಬರೆಯಿತು. ಸ್ಕಾಟ್ಲೆಂಡಿನಲ್ಲಿ ದಂತವೈದ್ಯರಿಗೆ ಮಾರ್ಗಸೂಚಿ ಬರೆಯುವ ಎಸ್‌ಡಿಸಿಇಪಿ 2017ರಲ್ಲೇ ಹಲ್ಲಿಗೋಸ್ಕರ ಮಾತ್ರೆ ನಿಲ್ಲಿಸಬೇಡಿ ಅಂತ ನೇರವಾಗಿ ಹೇಳಿದೆ. ಅವರ ಲೆಕ್ಕದಲ್ಲಿ 5 ವರ್ಷಕ್ಕಿಂತ ಕಡಿಮೆ, ಜೊತೆಗೆ ಸ್ಟೀರಾಯ್ಡ್ ಇಲ್ಲ ಅಂದರೆ ಕಡಿಮೆ ಅಪಾಯದ ಗುಂಪು. ಎಲ್ಲರಿಗೂ ಕೀಳುವ ಹಾಗೆ ಕೀಳಬಹುದು. ಇದೊಂದೇ ಕಾರಣಕ್ಕೆ ಆಂಟಿಬಯೋಟಿಕ್ ಬೇಡ. 8 ವಾರದಲ್ಲಿ ಗಾಯ ಮಾಯದಿದ್ದರೆ ನಮ್ಮ ಹತ್ತಿರ ಕಳಿಸಿ.

ಕಾರಣವೂ ಸರಳ. ಅಲೆಂಡ್ರೊನೇಟ್ ಮೂಳೆಯೊಳಗೆ ಸೇರಿದರೆ ವರ್ಷಗಟ್ಟಲೆ ಇರುತ್ತದೆ. ಅಲ್ಲಿ ಅದು ಅರ್ಧಕ್ಕೆ ಇಳಿಯಲು ಸುಮಾರು 10 ವರ್ಷ ಬೇಕು. 3 ತಿಂಗಳು ನಿಲ್ಲಿಸಿದರೆ ಮೂಳೆಯಲ್ಲಿ ಎಷ್ಟು ಕಡಿಮೆಯಾಗುತ್ತದೆ, ನೀವೇ ಯೋಚಿಸಿ. ಸಿಟಿಎಕ್ಸ್ ನೋಡಿ ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಅಂತ ಹೇಳಲು ಬರುವುದಿಲ್ಲ. ಸ್ಟೀರಾಯ್ಡ್ ಬಗ್ಗೆ ಮಾತ್ರ ಕೇಳಿ ಖಚಿತ ಮಾಡಿಕೊಳ್ಳಿ.

ಹೊಸ ಕ್ಲಿನಿಕ್:
ತುಂಬಾ ಥ್ಯಾಂಕ್ಸ್ ಸರ್. ಅವರು ಎಷ್ಟು ಖಚಿತವಾಗಿ ಹೇಳಿದರು ಅಂದರೆ ಅದು ಯಾವ ವರ್ಷದ್ದು ಅಂತ ಕೇಳಬೇಕು ಅನ್ನಿಸಲೇ ಇಲ್ಲ.

ಹಳೇ ಕುರ್ಚಿ:
ಇದೇ ನನ್ನ ತಕರಾರು. 2009ರಲ್ಲಿ ಒಂದು, 2014ರಲ್ಲಿ ಇನ್ನೊಂದು, 2022ರಲ್ಲಿ ಗೊತ್ತಿಲ್ಲ. ಮಾರ್ಗಸೂಚಿ ಬರೆಯುವವರಿಗೇ ಗಟ್ಟಿ ನೆಲ ಸಿಕ್ಕಿಲ್ಲ. ನಾನು ಇಷ್ಟು ವರ್ಷ 3 ತಿಂಗಳು ನಿಲ್ಲಿಸಿಯೇ ಕಿತ್ತಿದ್ದೇನೆ. ಒಬ್ಬರಿಗೂ ತೊಂದರೆ ಆಗಿಲ್ಲ.

ವಸಡು:
ಸರ್, ನಿಮ್ಮ ಅನುಭವದ ಮೇಲೆ ಗೌರವ ಇದೆ. ಆದರೆ ಈ ಲೆಕ್ಕ ನೋಡಿ.

ಆಸ್ಟಿಯೊಪೊರೊಸಿಸ್‌ಗೆ (ಮೂಳೆ ಸವೆತಕ್ಕೆ) ಮಾತ್ರೆ ತೆಗೆದುಕೊಳ್ಳುವವರಲ್ಲಿ ಹಲ್ಲು ಕಿತ್ತ ಮೇಲೆ ಈ ತೊಂದರೆ ಬರುವ ಪ್ರಮಾಣ 2022ರ ಆ ದಾಖಲೆಯಲ್ಲಿ 0ಯಿಂದ 0.15 ಶೇಕಡಾ. ಸುಲಭಕ್ಕೆ ಸಾವಿರಕ್ಕೆ ಒಂದು ಅಂತ ಇಟ್ಟುಕೊಳ್ಳಿ. ನೀವು ಇಂಥ 200 ಜನರ ಹಲ್ಲು ಕಿತ್ತಿದ್ದೀರಿ ಅಂದುಕೊಳ್ಳೋಣ. ಮಾತ್ರೆ ನಿಲ್ಲಿಸಿ, ಬಿಡಿ, ಒಂದೂ ಕೇಸ್ ನೋಡದೇ ಇರುವ ಸಾಧ್ಯತೆ ಶೇಕಡಾ 80ಕ್ಕಿಂತ ಜಾಸ್ತಿ. ಅಂದರೆ ನಿಲ್ಲಿಸಿದ್ದರಿಂದ ತೊಂದರೆ ಆಗಲಿಲ್ಲವೋ, ಹೇಗೂ ಆಗುತ್ತಿರಲಿಲ್ಲವೋ ಅಂತ ನಿಮ್ಮ 200 ಜನರಿಂದ ಗೊತ್ತಾಗುವುದಿಲ್ಲ. ಅಪರೂಪದ ಅಪಾಯದ ವಿಷಯದಲ್ಲಿ ಒಬ್ಬರ ಅನುಭವ ಸಾಲುವುದೇ ಇಲ್ಲ. ದಿನಕ್ಕೆ ಹತ್ತು ಸಲ ನೋಡುವ ವಿಷಯ ಬೇರೆ. ಅಲ್ಲಿ ನಿಮ್ಮ ಮಾತಿಗೆ ತೂಕ ಇದೆ.

ಹಳೇ ಕುರ್ಚಿ:
ಈ ಲೆಕ್ಕ ನಾನು ಹಾಕಿರಲಿಲ್ಲ. ಯೋಚಿಸುತ್ತೇನೆ.

ಪಿಜಿ ಎರಡನೇ ವರ್ಷ:
ನಮಗೆ ಕಲಿಸುವ ಕ್ರಮ ಹೀಗಿದೆ. ಮೊದಲು ಪ್ರಶ್ನೆಯನ್ನು ನಾಲ್ಕು ತುಂಡು ಮಾಡಿ. ರೋಗಿ ಯಾರು, ಏನು ಮಾಡಬೇಕು ಅಂತಿದ್ದೀರಿ, ಅದರ ಬದಲು ಇನ್ನೇನು ಮಾಡಬಹುದು, ಯಾವ ಫಲಿತಾಂಶ ಮುಖ್ಯ. ಪಿಕೋ ಅನ್ನುವುದು ಇದಕ್ಕೇ. ಆಮೇಲೆ ಮೇಲಿನಿಂದ ಕೆಳಗೆ ಬನ್ನಿ. ಮಾರ್ಗಸೂಚಿ ಇದೆಯಾ? ಇಲ್ಲದಿದ್ದರೆ ಕಾಕ್ರೇನ್ ವಿಮರ್ಶೆ (ಒಂದು ಪ್ರಶ್ನೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವುದು) ಇದೆಯಾ? ಅದೂ ಇಲ್ಲದಿದ್ದರೆ ಪಬ್‌ಮೆಡ್ ಅನ್ನುವ ಲೇಖನ ಹುಡುಕುವ ತಾಣದಲ್ಲಿ ರ್ಯಾಂಡಮೈಸ್ಡ್ ಅಧ್ಯಯನ (ಯಾರಿಗೆ ಯಾವ ಚಿಕಿತ್ಸೆ ಅಂತ ಚೀಟಿ ಎತ್ತಿದ ಹಾಗೆ ಹಂಚಿದ್ದು). ತಜ್ಞರ ಅಭಿಪ್ರಾಯ ಎಲ್ಲಕ್ಕಿಂತ ಕೆಳಗೆ. ಹಾಗಾಗಿ ಫೋನ್ ಮಾಡುವುದು ಕೊನೆಯ ದಾರಿ ಆಗಬೇಕು, ಮೊದಲಿನದಲ್ಲ.

ಬೇರುನಾಳ:
ಕ್ರಮ ಸರಿ. "ಎಲ್ಲಕ್ಕಿಂತ ಕೆಳಗೆ" ಅಂದಿದ್ದನ್ನು ಒಪ್ಪುವುದಿಲ್ಲ.

ನನ್ನ ಕ್ಷೇತ್ರದ್ದೇ ಉದಾಹರಣೆ ಕೊಡುತ್ತೇನೆ. ಪಲ್ಪ್ (ಹಲ್ಲಿನೊಳಗೆ ನರ ಇರುವ ಮೆದು ಭಾಗ) ಊದಿಕೊಂಡು ನೋವಾಗುವಾಗ ಆಂಟಿಬಯೋಟಿಕ್ ಕೊಟ್ಟರೆ ನೋವು ಕಡಿಮೆ ಆಗುತ್ತದೆಯೇ? ಕಾಕ್ರೇನ್ ವಿಮರ್ಶೆ ಇದೆ. ಪುರಾವೆಯ ಗೋಪುರದ ತುದಿ ಅನ್ನುತ್ತೀರಲ್ಲ, ಅದು. ಬಿಚ್ಚಿ ನೋಡಿದರೆ ಒಳಗೆ ಒಂದೇ ಒಂದು ಅಧ್ಯಯನ, 40 ಜನ. ನಾವು ಆಂಟಿಬಯೋಟಿಕ್ ಕೊಡದಿರುವುದು ಆ 40 ಜನರನ್ನು ನೋಡಿ ಮಾತ್ರ ಅಲ್ಲ. ಪಲ್ಪ್ ಗಟ್ಟಿ ಗೋಡೆಯೊಳಗೆ ಊದಿಕೊಂಡಿದೆ, ಒತ್ತಡದಿಂದ ನೋವು ಬರುತ್ತಿದೆ, ತೆರೆದು ಒತ್ತಡ ಬಿಡಿಸಿದರೆ ನೋವು ಹೋಗುತ್ತದೆ. ಇದು ದಿನವೂ ಕಣ್ಣೆದುರು ಕಾಣುತ್ತದೆ. ಅಮೆರಿಕದ ದಂತವೈದ್ಯರ ಸಂಘ ಎಡಿಎ 2019ರಲ್ಲಿ ಕೊಟ್ಟ ಮಾರ್ಗಸೂಚಿಯೂ ಇದನ್ನೇ ಹೇಳಿತು. ಚಿಕಿತ್ಸೆ ತಕ್ಷಣ ಸಿಗುವಾಗ, ರೋಗ ನಿರೋಧಕ ಶಕ್ತಿ ಚೆನ್ನಾಗಿರುವ ದೊಡ್ಡವರಿಗೆ ಆಂಟಿಬಯೋಟಿಕ್ ಬೇಡ ಅಂತ. ಅಂದರೆ ಮೇಲೆ ಇರುವ ಹೆಸರು ನೋಡಿದರೆ ಸಾಲದು, ಕೆಳಗೆ ಏನಿದೆ ಅಂತ ನೋಡಬೇಕು.

ಇನ್ನೊಂದು. ಬೇರುನಾಳ ಸ್ವಚ್ಛ ಮಾಡುವ ಫೈಲ್ ಮುರಿದು ಬೇರಿನ ತಿರುವಿನಲ್ಲಿ ಸಿಕ್ಕಿಕೊಂಡಿದೆ. ಈಗ ಯಾವ ವಿಮರ್ಶೆ ಓದುತ್ತೀರಿ? ಅಂಥ 50 ಫೈಲ್ ತೆಗೆದವರ ಪಕ್ಕ ಕೂತು ನೋಡಬೇಕು. ತುದಿ ಎಲ್ಲಿಡಬೇಕು, ಎಷ್ಟು ನೀರು, ಯಾವಾಗ ಕೈ ಬಿಡಬೇಕು. ಇವೆಲ್ಲ ಕೈಯಿಂದ ಕೈಗೆ ಬರುವ ವಿದ್ಯೆ. ಡೇವಿಡ್ ಸ್ಯಾಕೆಟ್ ಮತ್ತು ಜೊತೆಗಾರರು 1996ರಲ್ಲಿ ಪುರಾವೆ ಆಧಾರಿತ ವೈದ್ಯ ಅಂದರೇನು ಅಂತ ಬರೆದಾಗಲೇ ವೈದ್ಯರ ಅನುಭವವನ್ನು ಪುರಾವೆಯ ಜೊತೆಗೆ ಇಟ್ಟಿದ್ದರು, ಕಾಲ ಕೆಳಗಲ್ಲ.

ಪಿಜಿ ಎರಡನೇ ವರ್ಷ:
40 ಜನ ಅನ್ನುವುದು ಗೊತ್ತಿರಲಿಲ್ಲ ಮೇಡಂ. ಈಗ ತೆಗೆದು ನೋಡಿದೆ, ಹೌದು. ನಾನು ಇಷ್ಟು ದಿನ ಕೊನೆಯ ಪ್ಯಾರಾ ಮಾತ್ರ ಓದುತ್ತಿದ್ದೆ.

ಮಕ್ಕಳ ಹಲ್ಲು:
ಎರಡು ಒಳ್ಳೆಯ ಮೂಲಗಳೇ ಬೇರೆ ಬೇರೆ ಹೇಳಿದಾಗ ಏನು ಮಾಡುತ್ತೀರಿ? ನನಗೆ ತಲೆ ಕೆಟ್ಟಿದ್ದು ಮರಗಟ್ಟಿಸುವ ಲಿಡೊಕೇಯ್ನ್ ವಿಷಯದಲ್ಲಿ.

15 ಕೆಜಿ ತೂಕದ ಮಗು. ಎರಡೂ ಕಡೆ ಕೆಲಸ ಇದೆ. ಎಡ್ರಿನಲಿನ್ ಸೇರಿರುವ ಲಿಡೊಕೇಯ್ನ್ ಎಷ್ಟು ಕೊಡಬಹುದು? ತಯಾರಕರ ಚೀಟಿಯ ಪ್ರಕಾರ ಕೆಜಿಗೆ 7 ಮಿಲಿಗ್ರಾಂ, ಅಂದರೆ 105. ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿ ಪ್ರಕಾರ ಕೆಜಿಗೆ 4.4, ಅಂದರೆ 66. ಶೇಕಡಾ 2ರ ದ್ರಾವಣದ 1.8 ಮಿಲಿಲೀಟರ್ ಕಾರ್ಟ್ರಿಜ್‌ನಲ್ಲಿ 36 ಮಿಲಿಗ್ರಾಂ ಇರುತ್ತದೆ. ಒಂದು ಮೂಲ ನಂಬಿದರೆ ಸುಮಾರು 3 ಕಾರ್ಟ್ರಿಜ್. ಇನ್ನೊಂದು ನಂಬಿದರೆ 2 ಕೂಡ ಪೂರ್ತಿ ಇಲ್ಲ. ಎರಡೂ ನಂಬುವಂಥ ಮೂಲಗಳೇ.

ನಾನು ಕಡಿಮೆಯದನ್ನೇ ಹಿಡಿದೆ. ಯಾಕೆ ಅಂದರೆ ಆ ಸಂಖ್ಯೆ ಮಕ್ಕಳಿಗೆ ಅಂತಲೇ ಇಟ್ಟದ್ದು. ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡ ಸಂಖ್ಯೆಯನ್ನು ಮಗುವಿಗೆ ಹಾಕಲು ನನಗೆ ಧೈರ್ಯ ಇಲ್ಲ. ತಪ್ಪಾದರೆ ಇನ್ನೊಂದು ದಿನ ಬರಬೇಕಾಗಬಹುದು, ಅಷ್ಟೇ. ಆ ಕಡೆ ತಪ್ಪಾದರೆ ಮಗುವಿಗೆ ಫಿಟ್ಸ್ ಬರಬಹುದು. ಈಗ ತೂಕಕ್ಕೆ ತಕ್ಕ ಡೋಸಿನ ಪಟ್ಟಿ ಬರೆದು ಟ್ರೇ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಮಗು ಅಳುತ್ತಿರುವಾಗ ಗುಣಾಕಾರ ಮಾಡುವುದು ಬೇಡ.

ದವಡೆ ಸರ್ಜನ್:
ಆ ಪಟ್ಟಿ ಎಲ್ಲರ ಗೋಡೆ ಮೇಲೂ ಇರಬೇಕು.

ಔಷಧಿ ಪೆಟ್ಟಿಗೆ:
ನಾನು ದಂತವೈದ್ಯೆ ಅಲ್ಲ, ಆಸ್ಪತ್ರೆಯಲ್ಲಿ ಫಾರ್ಮಾಸಿಸ್ಟ್. ಒಂದು ವಿನಂತಿ. ಔಷಧಿಯ ಪ್ರಶ್ನೆಯನ್ನು ದಂತವೈದ್ಯರ ಗುಂಪಿನಲ್ಲಿ ಕೇಳಬೇಡಿ. ಅಲ್ಲಿ ಎಲ್ಲರೂ ತಮಗೆ ಅಭ್ಯಾಸ ಇರುವುದನ್ನು ಹೇಳುತ್ತಾರೆ.

ಒಬ್ಬರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರು. ಕಟ್ಟು ಹಲ್ಲಿನ ಕೆಳಗೆ ಫಂಗಸ್ ಆಗಿತ್ತು. ಅವರ ದಂತವೈದ್ಯರು ಮೈಕೊನಜೋಲ್ ಜೆಲ್ ಬರೆದರು. ಬಾಯಿಗೆ ಹಚ್ಚುವ ಜೆಲ್ ತಾನೆ ಅಂತ. 10 ದಿನ ಆದ ಮೇಲೆ ಮೂತ್ರದಲ್ಲಿ ರಕ್ತ ಅಂತ ನಮ್ಮಲ್ಲಿ ದಾಖಲಾದರು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಅಂತ ತೋರಿಸುವ ಐಎನ್‌ಆರ್ 9 ದಾಟಿತ್ತು. ಪುಣ್ಯಕ್ಕೆ ಉಳಿದುಕೊಂಡರು. ಚೀಟಿ ಬರೆದವರು ಕೆಟ್ಟ ವೈದ್ಯರಲ್ಲ. ನೋಡಲೇಬೇಕಾದ ಒಂದು ಜಾಗದಲ್ಲಿ ನೋಡಿರಲಿಲ್ಲ ಅಷ್ಟೇ.

ಕೈಸೆರೆ:
ಮೈಕೊನಜೋಲ್ ಜೆಲ್ ಕೂಡನಾ? ಅದು ರಕ್ತಕ್ಕೆ ಸೇರುತ್ತದಾ?

ಔಷಧಿ ಪೆಟ್ಟಿಗೆ:
ಸೇರುತ್ತದೆ. ಜೆಲ್ ನುಂಗಿ ಹೋಗುತ್ತದೆ, ಬಾಯಿಯ ಒಳಪೊರೆಯಿಂದಲೂ ಸ್ವಲ್ಪ ಹೀರಿಕೊಳ್ಳುತ್ತದೆ. ವಾರ್ಫರಿನ್ ಅನ್ನು ಒಡೆಯುವ ಲಿವರಿನ ಕಿಣ್ವವನ್ನು ಅದು ತಡೆಯುತ್ತದೆ. ಮೆಟ್ರೊನಿಡಜೋಲ್ ಕೂಡ ಹಾಗೇ ಮಾಡುತ್ತದೆ, ಅದನ್ನಂತೂ ನೀವು ದಿನವೂ ಬರೆಯುತ್ತೀರಿ. ವಾರ್ಫರಿನ್ ಇರುವವರಿಗೆ ಫಂಗಸ್ ಆದರೆ ನಿಸ್ಟಾಟಿನ್ ಇದೆ, ಅದು ರಕ್ತಕ್ಕೆ ಸೇರುವುದಿಲ್ಲ ಅಂದರೂ ಸರಿ. ಔಷಧಿ ಡಬ್ಬಿಯೊಳಗಿನ ಚೀಟಿ ಅಥವಾ ಫಾರ್ಮ್ಯುಲರಿ (ಔಷಧಿಗಳ ಕೈಪಿಡಿ), ಇವೆರಡರಲ್ಲಿ ಒಂದನ್ನು ತೆರೆದರೆ 1 ನಿಮಿಷದ ಕೆಲಸ.

ಕೈಸೆರೆ:
ಇಬ್ಬರಿಗೆ ಕೊಟ್ಟಿದ್ದೇನೆ. ಅವರು ಬೇರೆ ಏನು ತಗೋತಾರೆ ಅಂತ ಇವತ್ತೇ ಫೋನ್ ಮಾಡಿ ಕೇಳುತ್ತೇನೆ.

ಓದುಕೋಣೆ:
ವೈದ್ಯಕೀಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಯಾರೂ ಸಮಯದ ಮಾತು ಎತ್ತಲಿಲ್ಲ, ಅಸಲಿ ಕಷ್ಟ ಅದೇ ಅಲ್ವಾ?

1999ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಒಂದು ಅಧ್ಯಯನ ಬಂದಿತ್ತು. 103 ಕುಟುಂಬ ವೈದ್ಯರನ್ನು ಪಕ್ಕದಲ್ಲೇ ನಿಂತು ಗಮನಿಸಿದರು. ಅವರಿಗೆ ಬಂದ ಪ್ರಶ್ನೆಗಳು 1101. ಅದರಲ್ಲಿ ಶೇಕಡಾ 64 ಪ್ರಶ್ನೆಗೆ ಆ ಹೊತ್ತಿಗೆ ಉತ್ತರ ಹುಡುಕುವ ಪ್ರಯತ್ನವೇ ಆಗಲಿಲ್ಲ. ಹುಡುಕಿದ ಪ್ರಶ್ನೆಗೆ ಕೊಟ್ಟ ಸಮಯ ಸರಾಸರಿ 2 ನಿಮಿಷಕ್ಕಿಂತ ಕಡಿಮೆ. ಗಮನಿಸಿ, ಹುಡುಕಿದಾಗ ಹೆಚ್ಚಿನವಕ್ಕೆ ಉತ್ತರ ಸಿಕ್ಕಿತು. ಅವರು ದಂತವೈದ್ಯರಲ್ಲ, ಆದರೆ ಕೈಯಲ್ಲಿ ಗ್ಲೌಸ್ ಇರುವ ನಿಮಗೆ ಸಮಯ ಇನ್ನೂ ಕಡಿಮೆ.

ಅದಕ್ಕೇ ಹೇಳುತ್ತೇನೆ, ಹುಡುಕುವುದನ್ನು ರೋಗಿ ಬರುವ ಮೊದಲೇ ಅಭ್ಯಾಸ ಮಾಡಿ. ಪಬ್‌ಮೆಡ್‌ನಲ್ಲಿ ಉದ್ದ ವಾಕ್ಯ ಬರೆಯಬೇಡಿ. ಈ ಕೇಸಿಗೆ ಮೂರು ಪದ ಸಾಕು. ಔಷಧಿಯ ಹೆಸರು, ಎಕ್ಸ್‌ಟ್ರಾಕ್ಷನ್ (ಹಲ್ಲು ಕೀಳುವುದು), ಆಸ್ಟಿಯೊನೆಕ್ರೋಸಿಸ್ (ಮೂಳೆ ಸಾಯುವುದು). ಎಡಗಡೆ ಸಿಸ್ಟಮ್ಯಾಟಿಕ್ ರಿವ್ಯೂ ಅಂತ ಒಂದು ಚೌಕ ಇದೆ, ಒತ್ತಿ. ನೂರಾರು ಇದ್ದದ್ದು ಕೈಗೆ ಸಿಗುವಷ್ಟಾಗುತ್ತದೆ. ಪೂರ್ತಿ ಲೇಖನಕ್ಕೆ ದುಡ್ಡು ಕೇಳಿದರೆ ಹೆದರಬೇಡಿ. ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಉಚಿತ ಪ್ರತಿ ಇರಬಹುದು. ಬರೆದವರಿಗೇ ಮೇಲ್ ಮಾಡಿದರೂ ಎಷ್ಟೋ ಸಲ ಕಳಿಸುತ್ತಾರೆ. ಕಾಕ್ರೇನ್‌ನ ಸಾರಾಂಶಗಳು ಹೇಗೂ ಎಲ್ಲರಿಗೂ ಉಚಿತ.

ಹೊಸ ಕ್ಲಿನಿಕ್:
ಮಾಡಿ ನೋಡಿದೆ. 4 ನಿಮಿಷ ಹಿಡಿಯಿತು. ಸೋಮವಾರ ರಾತ್ರಿ 2 ಗಂಟೆ ಕಾಲ ಗೂಗಲ್ ಮಾಡಿದ್ದೆ.

ಇಂಪ್ಲಾಂಟ್ ಪ್ರಿಯ:
ಕಂಪನಿ ನಡೆಸುವ ಕೋರ್ಸ್‌ಗಳ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಿಜ ಹೇಳಬೇಕು ಅಂದರೆ ನಮ್ಮಲ್ಲಿ ತುಂಬಾ ಜನ ಕಲಿಯುವುದು ಅಲ್ಲೇ.

ವಸಡು:
ನನಗೆ ಅದರಲ್ಲಿ ಪೆಟ್ಟು ಬಿದ್ದಿದೆ. ವಸಡಿನ ಪಾಕೆಟ್ಟಿನೊಳಗೆ ಹಾಕುವ ಒಂದು ಜೆಲ್. ಕಂಪನಿಯ ಉಪನ್ಯಾಸದಲ್ಲಿ ಗ್ರಾಫ್ ತೋರಿಸಿದರು. ಕ್ಲೀನಿಂಗ್ ಮಾತ್ರ ಮಾಡಿದವರಿಗಿಂತ ಜೆಲ್ ಹಾಕಿದವರಲ್ಲಿ ಗಣನೀಯ ಸುಧಾರಣೆ ಅಂತ. ಎರಡು ಕಂಬ, ಒಂದು ಎತ್ತರ, ಒಂದು ಗಿಡ್ಡ. ಒಂದು ವರ್ಷ ಎಲ್ಲರಿಗೂ ಹಾಕಿದೆ. ಆಮೇಲೆ ಆ ಲೇಖನ ತರಿಸಿ ಓದಿದೆ. ಎರಡು ಗುಂಪಿನ ನಡುವೆ ಇದ್ದ ವ್ಯತ್ಯಾಸ ಅರ್ಧ ಮಿಲಿಮೀಟರಿಗಿಂತ ಕಡಿಮೆ. ನಮ್ಮ ಪ್ರೋಬಿನ ಗೆರೆಗಳೇ ಮಿಲಿಮೀಟರಿಗೆ ಒಂದು ಇರುತ್ತವೆ! ಇವತ್ತು 5 ಅಂತ ಅಳೆದದ್ದನ್ನು ನಾಳೆ ನಾನೇ 4 ಅಂತ ಅಳೆಯಬಹುದು. ಗ್ರಾಫಿನಲ್ಲಿ ಕಂಬ ಸೊನ್ನೆಯಿಂದ ಶುರುವಾಗಿರಲಿಲ್ಲ, ಅದಕ್ಕೇ ಅಷ್ಟು ದೊಡ್ಡದಾಗಿ ಕಂಡಿತ್ತು. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಹಣ ಕೊಟ್ಟವರು ಯಾರು ಅಂತ ಇತ್ತು. ಆ ರೋಗಿಗಳ ಮುಖ ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ನನ್ನ ಮಾತು ನಂಬಿ ಹಾಕಿಸಿಕೊಂಡಿದ್ದರು.

2003ರಲ್ಲೇ ಬಿಎಂಜೆಯಲ್ಲಿ ಬಂದಿದೆ. ಔಷಧಿ ಕಂಪನಿ ಹಣ ಕೊಟ್ಟ ಅಧ್ಯಯನ ಆ ಕಂಪನಿಗೆ ಅನುಕೂಲವಾಗಿ ಬರುವ ಸಾಧ್ಯತೆ ಸುಮಾರು 4 ಪಟ್ಟು ಅಂತ. ಈಗ ನಾನು ಲೇಖನವನ್ನು ಹಿಂದಿನಿಂದ ಓದುತ್ತೇನೆ. ಮೊದಲು ಹಣ ಯಾರದು, ಆಮೇಲೆ ಉಳಿದದ್ದು.

ಕಿರೀಟ ಕೆಲಸ:
ಒಂದು ನಿಮಿಷ. ಕಂಪನಿಯವರು ಹೇಳಿದ್ದೆಲ್ಲ ಸುಳ್ಳು ಅನ್ನುವ ಹಾಗೆ ಆಗುತ್ತಿದೆ. ನನ್ನ ಝಿರ್ಕೋನಿಯಾ ಕ್ಯಾಪ್‌ಗಳು ಪದೇ ಪದೇ ಬಿಚ್ಚಿಕೊಳ್ಳುತ್ತಿದ್ದವು. ಮೂವರು ಸ್ನೇಹಿತರನ್ನು ಕೇಳಿದೆ, ಮೂವರೂ ಸಿಮೆಂಟ್ ಬದಲಿಸು ಅಂದರು. ಕಂಪನಿಯ ತಾಂತ್ರಿಕ ವಿಭಾಗಕ್ಕೆ ಬರೆದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಬಾಯಿಯಲ್ಲಿ ಇಟ್ಟು ನೋಡಿದ ಮೇಲೆ ಒಳಭಾಗವನ್ನು ಯಾವುದರಿಂದ ಸ್ವಚ್ಛ ಮಾಡುತ್ತೀರಿ?" ನಾನು ಫಾಸ್ಫೋರಿಕ್ ಆಸಿಡ್ ಹಾಕುತ್ತಿದ್ದೆ. ಫಾಸ್ಫೇಟ್ ಹೋಗಿ ಝಿರ್ಕೋನಿಯಾಗೆ ಅಂಟಿಕೊಳ್ಳುತ್ತದೆ, ಸಿಮೆಂಟಿಗೆ ಹಿಡಿಯಲು ಜಾಗವೇ ಉಳಿಯುವುದಿಲ್ಲ. ಅವರ ಸೂಚನಾ ಚೀಟಿಯಲ್ಲಿ ಅದನ್ನು ಬರೆದಿದ್ದರು. ನಾನು ಓದಿರಲಿಲ್ಲ. ವಸ್ತುವನ್ನು ಹೇಗೆ ಬಳಸಬೇಕು ಅಂತ ತಯಾರಿಸಿದವರನ್ನೇ ಕೇಳಬೇಕು. ಬಳಸಬೇಕಾ ಬೇಡವಾ ಅಂತ ಅವರನ್ನು ಕೇಳಬಾರದು.

ವಸಡು:
ಕೊನೆಯ ಎರಡು ವಾಕ್ಯ ಪೂರ್ತಿ ಒಪ್ಪಿದೆ.

ಪಾಠದ ಮೇಷ್ಟ್ರು:
ಹಳೇ ಕುರ್ಚಿಯವರ ಮೊದಲ ತಕರಾರಿಗೆ ಇನ್ನೂ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಮಾರ್ಗಸೂಚಿಗಳೇ ಜಗಳ ಆಡಿದರೆ?

ಹೃದಯದ ಒಳಪೊರೆಯ ಸೋಂಕು ತಡೆಯಲು ಹಲ್ಲಿನ ಕೆಲಸಕ್ಕೆ ಮುಂಚೆ ಆಂಟಿಬಯೋಟಿಕ್ ಕೊಡುವುದನ್ನೇ ತೆಗೆದುಕೊಳ್ಳಿ. 2007ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಪಟ್ಟಿ ಚಿಕ್ಕದು ಮಾಡಿತು. ಕೃತಕ ವಾಲ್ವ್ ಇರುವವರು, ಮೊದಲೇ ಈ ಸೋಂಕು ಬಂದವರು, ಹುಟ್ಟಿನಿಂದ ಬಂದ ಕೆಲವು ಹೃದಯ ತೊಂದರೆ ಇರುವವರು, ಹೃದಯ ಕಸಿ ಆಗಿ ವಾಲ್ವ್ ಕೆಟ್ಟವರು, ಇಷ್ಟು ಜನಕ್ಕೆ ಮಾತ್ರ. 2008ರಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಇನ್ನೂ ಮುಂದೆ ಹೋಗಿ ಇವರಿಗೂ ಬೇಡ ಅಂದಿತು. 2016ರಲ್ಲಿ "ವಾಡಿಕೆಯಂತೆ" ಬೇಡ ಅಂತ ಒಂದೇ ಒಂದು ಪದ ಸೇರಿಸಿತು. ಆ ಒಂದು ಪದದಿಂದ ವೈದ್ಯರು ರೋಗಿಯ ಜೊತೆ ಮಾತಾಡಿ ತೀರ್ಮಾನಿಸಲು ದಾರಿ ಆಯಿತು. 2021ರಲ್ಲಿ ಅಮೆರಿಕದವರು ಪಟ್ಟಿಯನ್ನು ಹಾಗೇ ಇಟ್ಟು ಕ್ಲಿಂಡಾಮೈಸಿನ್ ಬೇಡ ಅಂದರು.

ಇಬ್ಬರ ಹತ್ತಿರವೂ ಇದ್ದ ಪುರಾವೆ ಹೆಚ್ಚು ಕಡಿಮೆ ಒಂದೇ. ಖಚಿತ ಉತ್ತರ ಕೊಡುವಂಥ ಅಧ್ಯಯನ ಇರಲಿಲ್ಲ. ಪುರಾವೆ ಇಲ್ಲದ ಜಾಗದಲ್ಲಿ ಯಾವ ಭಯ ದೊಡ್ಡದು ಅನ್ನುವುದರಲ್ಲಿ ಅವರು ಬೇರೆಯಾದರು. ಹಾಗಾಗಿ ಮಾರ್ಗಸೂಚಿ ಓದುವಾಗ ಶಿಫಾರಸಿನ ಜೊತೆ ಅದರ ಬಲ ಎಷ್ಟು ಅಂತ ಬರೆದಿರುವುದನ್ನೂ ಓದಿ. ಬಲ ಕಡಿಮೆ ಅಂತ ಅವರೇ ಬರೆದಿದ್ದರೆ, ಅಲ್ಲಿ ನಿಮ್ಮ ವಿವೇಚನೆಗೆ ಜಾಗ ಇದೆ ಅಂತ ಅರ್ಥ. ಮಾರ್ಗಸೂಚಿ ಬದಲಾಗುವುದು ಅದರ ದೋಷ ಅಲ್ಲ. ನಮ್ಮ ನೆನಪಿನಲ್ಲಿರುವುದು ಬದಲಾಗುವುದೇ ಇಲ್ಲವಲ್ಲ, ನನಗೆ ಅದೇ ಚಿಂತೆ.

ಹಳೇ ಕುರ್ಚಿ:
ಕ್ಲಿಂಡಾಮೈಸಿನ್ ಯಾಕೆ ಬೇಡ ಅಂದರು? ಪೆನಿಸಿಲಿನ್ ಅಲರ್ಜಿ ಇದ್ದವರಿಗೆ ನಾನು ಈಗಲೂ ಅದನ್ನೇ ಬರೆಯುತ್ತೇನೆ.

ಔಷಧಿ ಪೆಟ್ಟಿಗೆ:
ಒಂದೇ ಡೋಸ್ ಕೊಟ್ಟರೂ ಕರುಳಿನಲ್ಲಿ ಸಿ. ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ತರಬಹುದು. ಬೇರೆ ಆಂಟಿಬಯೋಟಿಕ್‌ಗಳಿಗಿಂತ ಅದರ ಅಪಾಯ ಜಾಸ್ತಿ. ಅಲರ್ಜಿ ಇದ್ದವರಿಗೆ ಅಜಿಥ್ರೋಮೈಸಿನ್, ಡಾಕ್ಸಿಸೈಕ್ಲಿನ್ ಇವೆ. ಅಲರ್ಜಿ ತೀವ್ರ ಅಲ್ಲ ಅಂದರೆ ಸೆಫಲೆಕ್ಸಿನ್ ಕೂಡ ಇದೆ.

ಹಳೇ ಕುರ್ಚಿ:
ಬರೆದುಕೊಂಡೆ.

ರಾತ್ರಿ ಪಾಳಿ:
ಈಗ ಎಐ ಇದೆಯಲ್ಲ. 10 ಸೆಕೆಂಡಿಗೆ ಉತ್ತರ ಕೊಡುತ್ತದೆ, ಲೇಖನದ ಹೆಸರು ಸಮೇತ. ಇಷ್ಟೆಲ್ಲ ಯಾಕೆ?

ಓದುಕೋಣೆ:
ಆ ಲೇಖನದ ಹೆಸರುಗಳನ್ನು ತೆಗೆದುಕೊಂಡು ನನ್ನ ಹತ್ತಿರ ಬರುತ್ತಾರೆ. ಕಳೆದ ತಿಂಗಳು ಒಬ್ಬರು 6 ತಂದರು. 2 ಇದ್ದವು. 1ರಲ್ಲಿ ಹೆಸರು ಸರಿ, ವರ್ಷ ತಪ್ಪು. ಉಳಿದ 3 ಲೇಖನ ಎಲ್ಲೂ ಇಲ್ಲ. ಪತ್ರಿಕೆಯ ಹೆಸರು ನಿಜ, ಬರೆದವರ ಹೆಸರೂ ಆ ಕ್ಷೇತ್ರದ್ದೇ, ಲೇಖನ ಮಾತ್ರ ಯಾರೂ ಬರೆದಿಲ್ಲ. ಹುಡುಕಲು ಪದ ಸಿಗದಿದ್ದಾಗ ಬಳಸಿ, ತಪ್ಪಿಲ್ಲ. ಲೇಖನವನ್ನು ನೀವೇ ತೆರೆದು ನೋಡದೆ ಡೋಸ್ ಮಾತ್ರ ಬರೆಯಬೇಡಿ.

ರಾತ್ರಿ ಪಾಳಿ:
ನಾನು ತೆರೆದು ನೋಡುತ್ತಿರಲಿಲ್ಲ. ಇನ್ನು ನೋಡುತ್ತೇನೆ.

ಸುಮ್ಮನೆ ಓದುವವನು:
ನಾನು ಡಾಕ್ಟರ್ ಅಲ್ಲ, ರೋಗಿ. ಹುಡುಕುತ್ತಾ ಇಲ್ಲಿಗೆ ಬಂದೆ. ರೋಗಿ ಎದುರು ಪುಸ್ತಕ ತೆಗೆದರೆ ನಂಬಿಕೆ ಹೋಗುತ್ತದೆ ಅಂತ ನಿಮಗೆಲ್ಲ ಒಂದು ಭಯ ಇರುತ್ತದಾ? ನನಗೆ ಆದದ್ದು ಹೇಳುತ್ತೇನೆ. ಎರಡು ಸ್ಟೆಂಟ್ ಆಗಿದೆ, ರಕ್ತ ತೆಳು ಮಾಡುವ ಎರಡು ಮಾತ್ರೆ ಇದೆ. ಒಬ್ಬ ದಂತವೈದ್ಯರು ನೋಡಿದ ತಕ್ಷಣ "ಎರಡೂ 5 ದಿನ ನಿಲ್ಲಿಸಿ ಬನ್ನಿ" ಅಂದರು. ಇನ್ನೊಬ್ಬರು "ಒಂದು ನಿಮಿಷ ಕೂತಿರಿ, ನೋಡಿ ಹೇಳುತ್ತೇನೆ" ಅಂತ ನನ್ನ ಎದುರೇ ಓದಿದರು, ಹೃದಯದ ಡಾಕ್ಟರಿಗೆ ಫೋನ್ ಮಾಡಿದರು, ಯಾವುದನ್ನೂ ನಿಲ್ಲಿಸದೆ ಹೊಲಿಗೆ ಹಾಕಿ ಕಿತ್ತರು. ನಾನು ಈಗ ಹೋಗುವುದು ಎರಡನೆಯವರ ಹತ್ತಿರ.

ದವಡೆ ಸರ್ಜನ್:
ಎರಡನೆಯವರು ನಿಮ್ಮ ಜೀವ ಕಾಪಾಡಿರಬಹುದು. ಸ್ಟೆಂಟ್ ಆದವರು ಆ ಮಾತ್ರೆಗಳನ್ನು ಹೃದಯದ ವೈದ್ಯರನ್ನು ಕೇಳದೆ ಯಾವತ್ತೂ ನಿಲ್ಲಿಸಬಾರದು. ಒಸಡಿನಿಂದ ಬರುವ ರಕ್ತವನ್ನು ಒತ್ತಿ ಹಿಡಿದು ನಿಲ್ಲಿಸಬಹುದು. ಸ್ಟೆಂಟಿನೊಳಗೆ ಹೆಪ್ಪುಗಟ್ಟಿದರೆ ಒತ್ತಿ ಹಿಡಿಯಲು ಏನೂ ಇಲ್ಲ.

ಮಕ್ಕಳ ಹಲ್ಲು:
ವಿಷಯ ಸ್ವಲ್ಪ ಬೇರೆ, ಆದರೆ ರೋಗಿಗಳು ನಮಗಿಂತ ಮೊದಲೇ ಓದಿಕೊಂಡು ಬರುತ್ತಾರೆ ಅನ್ನುವುದಂತೂ ನಿಜ. ಎಕ್ಸ್‌ರೇ ತೆಗೆಯುವಾಗ ಸೀಸದ ಏಪ್ರನ್, ಕುತ್ತಿಗೆ ಪಟ್ಟಿ ಬೇಡ ಅಂತ ಎಡಿಎ 2024ರಲ್ಲಿ ಹೇಳಿತಲ್ಲ, ಅದನ್ನು ನನಗೆ ಮೊದಲು ಹೇಳಿದ್ದು ಒಂದು ಮಗುವಿನ ಅಮ್ಮ. ಗೊತ್ತಿಲ್ಲ, ಓದಿ ಹೇಳುತ್ತೇನೆ ಅಂದೆ. ರಾತ್ರಿ ಓದಿದೆ. ಡಿಜಿಟಲ್ ಸೆನ್ಸರ್ ಬಂದ ಮೇಲೆ ಕಿರಣ ಕಡಿಮೆ, ಕಿರಣ ಬೀಳುವ ಜಾಗವನ್ನು ಸರಿಯಾಗಿ ಕಿರಿದು ಮಾಡಿದರೆ ಏಪ್ರನ್‌ನಿಂದ ಜಾಸ್ತಿ ಲಾಭ ಇಲ್ಲ, ಕೆಲವೊಮ್ಮೆ ಅದೇ ಅಡ್ಡ ಬಂದು ಮತ್ತೆ ತೆಗೆಯಬೇಕಾಗುತ್ತದೆ ಅಂತ. ಮಾರನೇ ದಿನ ಅವರಿಗೆ ಫೋನ್ ಮಾಡಿ ಹೇಳಿದೆ.

ಕೈಸೆರೆ:
ಆದರೆ ನಿಮ್ಮ ಕಡೆಯ ನಿಯಮ ಏಪ್ರನ್ ಕಡ್ಡಾಯ ಅಂತಿದ್ದರೆ ಹಾಕಲೇಬೇಕು. ಸಂಘ ಹೇಳುವುದು ಬೇರೆ, ನಿಯಮ ಬೇರೆ.

ಮಕ್ಕಳ ಹಲ್ಲು:
ಹೌದು, ಅದನ್ನೂ ನೋಡಿಯೇ ಹೇಳಿದ್ದು.

ಹೊಸ ಕ್ಲಿನಿಕ್:
ಗುರುವಾರದ ಸುದ್ದಿ. ಅವರು ಬಂದರು. ಸ್ಟೀರಾಯ್ಡ್ ಇಲ್ಲ, ಶುಗರ್ ಇಲ್ಲ. ಅವರ ಮೂಳೆ ವೈದ್ಯರಿಗೆ ಫೋನ್ ಮಾಡಿದ್ದೆ, ಮಾತ್ರೆ ನಿಲ್ಲಿಸುವುದು ಬೇಡ ಅಂತಲೇ ಹೇಳಿದರು. ಅಪಾಯ ಎಷ್ಟು ಚಿಕ್ಕದು, ಏನು ಕಂಡರೆ ತಕ್ಷಣ ಬರಬೇಕು ಅಂತ ರೋಗಿಗೆ ಕೂತು ವಿವರಿಸಿದೆ. ಬೇರುಗಳನ್ನು ಬೇರೆ ಬೇರೆ ಮಾಡಿ, ಮೂಳೆ ಮುಟ್ಟದೆ ಒಂದೊಂದಾಗಿ ತೆಗೆದೆ. ಎರಡು ಹೊಲಿಗೆ ಹಾಕಿದೆ. ಒಂದು ವಾರಕ್ಕೆ, ಆಮೇಲೆ 8 ವಾರಕ್ಕೆ ಡೈರಿಯಲ್ಲಿ ಬರೆದಿಟ್ಟಿದ್ದೇನೆ.

ಸೀನಿಯರ್‌ಗೂ ಫೋನ್ ಮಾಡಿದೆ. ಹೇಗೆ ಹೇಳುವುದೋ ಅಂತ ಹಿಂಜರಿಕೆ ಇತ್ತು. 2022ರದ್ದು ಬಂದಿದೆ ಸರ್, ಕಳಿಸಲಾ ಅಂದೆ. ಕಳಿಸು ಅಂದರು. ಒಂದು ಗಂಟೆ ಬಿಟ್ಟು ಅವರೇ ವಾಪಸ್ ಫೋನ್ ಮಾಡಿ 20 ನಿಮಿಷ ಮಾತಾಡಿದರು.

ಹಳೇ ಕುರ್ಚಿ:
ಒಳ್ಳೆಯದಾಯಿತಮ್ಮ. ಈಗ ನನ್ನದೊಂದು ಪ್ರಶ್ನೆ. ಶನಿವಾರ ಒಬ್ಬರು ಬರುತ್ತಾರೆ. ಮೂಳೆಗೆ 6 ತಿಂಗಳಿಗೊಂದು ಇಂಜೆಕ್ಷನ್, ಡೆನೊಸುಮಾಬ್. ಎರಡು ಹಲ್ಲು ಕೀಳಬೇಕು. ಇದಕ್ಕೂ ಇದೇ ಲೆಕ್ಕ ತಾನೆ?

ಹೊಸ ಕ್ಲಿನಿಕ್:
ಪೂರ್ತಿ ಅಲ್ಲ ಸರ್. ನಿನ್ನೆ ಅದೇ 2022ರ ದಾಖಲೆಯಲ್ಲಿ ಓದಿದೆ. ಇದು ಮೂಳೆಯಲ್ಲಿ ಕೂರುವುದಿಲ್ಲ, 6 ತಿಂಗಳಲ್ಲಿ ಇಳಿದುಹೋಗುತ್ತದೆ. ಹಾಗಂತ ಮುಂದಿನ ಇಂಜೆಕ್ಷನ್ ತಡ ಮಾಡಿಸಿದರೆ ಬೆನ್ನಿನ ಮೂಳೆ ಮುರಿಯುವ ಅಪಾಯ ಇದೆ. ಅದಕ್ಕೇ ಕೊನೆಯ ಡೋಸ್ ಆಗಿ 3–4 ತಿಂಗಳಾದ ಮೇಲೆ ಕೀಳಲು ಯೋಜಿಸಬಹುದು ಅಂತಾರೆ. ಆಗ ಮುಂದಿನ ಡೋಸಿನೊಳಗೆ ಗಾಯ ಮಾಯಲು ಸಮಯ ಸಿಗುತ್ತದೆ. ಅವರ ಕೊನೆಯ ಇಂಜೆಕ್ಷನ್ ಯಾವ ತಿಂಗಳು ಆಯಿತು?

ಹಳೇ ಕುರ್ಚಿ:
ಕೇಳಿಲ್ಲ. ಈಗಲೇ ಫೋನ್ ಮಾಡುತ್ತೇನೆ.